ಚಪ್ಪಟೆ ಛರ್ರಾ, ನೀಲಿ ಬಾಲ

ಸಂಶಯದ ಮನುಷ್ಯನಿಗೆ ಕೆಲಸ ಕಡಿಮೆ ಬೀಳುವುದಿಲ್ಲ. ನಾನು ಬೀಗ ಹಾಕಿ ಎರಡು ಸಲ ಜಗ್ಗುತ್ತೇನೆ. ಹತ್ತು ಹೆಜ್ಜೆ ಹೋಗಿ ಹೊಳ್ಳಿ ಬಂದು ಮತ್ತೊಮ್ಮೆ ಜಗ್ಗುತ್ತೇನೆ. ಆದರೂ ಏನಾದರೊಂದು ಆಗಿಯೇ ಆಗುತ್ತದೆ. ಈ ವರ್ಷ ಆದದ್ದೆಲ್ಲ ಇಲಿಯಿಂದ ಆಯಿತು. ಇಲಿಯಿಂದ ಅಂತ ಮಂದಿ ಅನ್ನುತ್ತಾರೆ. ನನಗೆ ಇನ್ನೂ ಪೂರ್ತಿ ನಂಬಿಕೆ ಇಲ್ಲ.

ನಮ್ಮದು ಲಿಂಗನೂರಿನಲ್ಲಿ ಹೊಲದ ಮನೆ. ದ್ರಾಕ್ಷಿ ತೋಟ, ಅದನ್ನು ಒಣಗಿಸುವ ಶೆಡ್ಡು, ಹಿತ್ತಲ ಕಡೆಗೆ ಕಾಲುವೆ. ನಮ್ಮಾಕಿ ದೀಪಾವಳಿ ಆದ ಮೇಲೆ ತೀರಿಹೋದಳು. ಮಿರಜದ ದವಾಖಾನೆಯಲ್ಲಿ ಹದಿನೆಂಟು ದಿನ ಇದ್ದಳು. ಕಡೆಗೆ ಹೇಳಿದ್ದು ಒಂದೇ ಮಾತು.

"ಬೀಜದ ಗಂಟು ಇಲಿ ಬಾಯಿಗೆ ಹೋಗಬಾರ್ದು, ನೋಡ್ರಿ."

ಮಗಳ ಬಗ್ಗೆ ಹೇಳಲಿಲ್ಲ. ನನ್ನ ಬಗ್ಗೆಯೂ ಹೇಳಲಿಲ್ಲ. ಬೀಜದ ಗಂಟು ಅಂದಳು.

ಶೆಡ್ಡಿನ ತೊಲೆಗೆ ಏಳು ಗಂಟು ತೂಗುತ್ತಿದ್ದವು. ಹಳೆ ಸೀರೆಯ ತುಂಡಿನಲ್ಲಿ ಬೂದಿ, ಬೇವಿನ ಎಲೆ ಹಾಕಿ ಕಟ್ಟಿದ್ದಳು. ಅವರೆ, ಹೀರೆ, ಕುಂಬಳ, ಹಿಂಗೆ. ಸೌತೆಯ ಬೀಜ ಆಕೆ ತವರಿನಿಂದ ತಂದದ್ದು. ಮದುವೆಯಾದ ವರ್ಷದಿಂದ ಒಂದು ಮಳೆಗಾಲವೂ ತಪ್ಪದೆ ಅದನ್ನು ಹಾಕಿದ್ದಳು. ಹೋಳಿ ಹುಣ್ಣಿಮೆ ಬರುವುದರೊಳಗೆ ಇಲಿ ಮೂರು ಗಂಟು ಮುಗಿಸಿತು.

ನಮ್ಮಾಕಿ ಇದ್ದಾಗ ಇಲಿಯನ್ನು ಕೊಲ್ಲುತ್ತಿರಲಿಲ್ಲ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಇರುವೆ ಸಾಲು ಕಂಡರೂ ದಾಟಿ ನಡೆಯುವವರು. ಆಕೆ ಬೋನು ಇಡುತ್ತಿದ್ದಳು. ಸಿಕ್ಕ ಇಲಿಯ ಬಾಲ ತಂತಿಯಿಂದ ಹೊರಗೆ ಬರುತ್ತದಲ್ಲ, ಅದಕ್ಕೆ ನೀಲಿ ಬಣ್ಣ ಹಚ್ಚುತ್ತಿದ್ದಳು. ಬೇಂದೂರ ಹಬ್ಬಕ್ಕೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದ ಬಣ್ಣ. ಆಮೇಲೆ ಕಾಲುವೆಯ ಆಚೆ ದಂಡೆಗೆ ಒಯ್ದು ಬಿಟ್ಟು ಬರುತ್ತಿದ್ದಳು.

"ಇಲಿಗೆ ಬೇಂದೂರ ಮಾಡ್ತಿಯೇನು?" ಅಂದರೆ, "ಹೊಳ್ಳಿ ಬಂದ್ರ ಗುರ್ತಾ ಸಿಗಬೇಕಲ್ರಿ" ಅನ್ನುತ್ತಿದ್ದಳು.

ನನ್ನಿಂದ ಅಷ್ಟು ತಾಳ್ಮೆ ಆಗಲಿಲ್ಲ. ಮಾಧವನಗರದ ಅಳಿಯನ ಹತ್ತಿರ ಹಳೆಯ ಏರ್‌ಗನ್ ಇತ್ತು. ತಂದುಕೊಟ್ಟ. ಅದಕ್ಕೆ ಹಾಕುವ ಸೀಸದ ಸಣ್ಣ ಗುಂಡು, ಛರ್ರಾ, ಮಾತ್ರ ನಾನೇ ತರಬೇಕು.

೧. ಒಬ್ಬಾಂವ

ಮಿರಜ ಪೇಟೆಯಲ್ಲಿ ಒಂದು ಅಂಗಡಿ. ಹಗ್ಗ, ಬೋನು, ಮೀನಿನ ಗಾಳ, ಛರ್ರಾ, ಎಲ್ಲ ಮಾರುತ್ತಾನೆ.

"ಕಾಯ್ ಪಾಹಿಜೆ ಕಾಕಾ?" ಏನು ಬೇಕು ಅಂತ ಮರಾಠಿಯಲ್ಲಿ ಅಂದ.

"ಛರ್ರಾ" ಅಂದೆ.

"ಯಾವ ಛರ್ರಾ ಕೊಡ್ಲ್ರಿ?" ಅಂತ ಕನ್ನಡದಲ್ಲಿ ಕೇಳಿದ.

ನಾನು ಅಂದದ್ದು ಒಂದೇ ಶಬ್ದ. ಅಷ್ಟಕ್ಕೇ ಕನ್ನಡದವನು ಅಂತ ಹಿಡಿದ. ಇಷ್ಟು ಚುರುಕಿನವನನ್ನು ನಂಬಬಾರದು.

ನಾಲ್ಕು ಡಬ್ಬಿ ಸಾಲಾಗಿ ಇಟ್ಟ. ಒಂದರಲ್ಲಿ ಚಪ್ಪಟೆ ತಲೆಯವು. ಒಂದರಲ್ಲಿ ದುಂಡು ತಲೆ. ಒಂದರಲ್ಲಿ ಚೂಪು. ಇನ್ನೊಂದರಲ್ಲಿ ತಲೆಯ ನಡುವೆ ಕುಳಿ.

"ಏನ್ ಹೊಡೀಬೇಕ್ರಿ?"

ಹೇಳುವ ಹಂಗಿರಲಿಲ್ಲ. ನನ್ನ ಹಿಂದೆಯೇ ನಮ್ಮೂರ ಮಠದ ಪಂಚ ಒಬ್ಬರು ಹಗ್ಗ ಅಳೆಸುತ್ತ ನಿಂತಿದ್ದರು. ಇಲಿ ಅಂದರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಲಿಂಗ ಕಟ್ಟಿದವನು ಗಣಪತಿಯ ವಾಹನಕ್ಕೆ ಗುರಿ ಇಟ್ಟ ಅಂತ.

"ಮನ್ಯಾಗ ಒಬ್ಬಾಂವ ಸೇರ್ಯಾನ" ಅಂದೆ. "ಭಾಳ ಕಾಟ ಕೊಡ್ಲಾಕತ್ತಾನ."

ಅಂಗಡಿಯವನ ಕೈ ಡಬ್ಬಿಯ ಮೇಲೆ ನಿಂತಿತು.

"ಒಬ್ಬಾಂವರಿ?"

"ಕಾಣಾಂವ ಒಬ್ಬಾಂವ. ಹಿಂದ ನಾಕೈದ ಮಂದಿ ಇರಬೇಕು. ಹಗಲೆಲ್ಲ ಮಕ್ಕೊಂಡಿರ್ತಾರ. ಸಂಜೀಕ ಹೊರಗ ಬರ್ತಾರ."

"ಪೊಲೀಸರಿಗೆ ಹೇಳೀರೇನ್ರಿ ಕಾಕಾ?"

"ಅವರೇನ್ ಮಾಡ್ತಾರ? ನಾನ ಮುಗಸ್ತೀನಿ."

ಅವನು ನಾಲ್ಕೂ ಡಬ್ಬಿ ಎತ್ತಿ ಒಳಗಿಟ್ಟ. ಹಿಂದೆ ಹಗ್ಗ ಅಳೆಯುವುದು ನಿಂತಿತು.

"ಸಿಟ್ಟಿನ್ಯಾಗ ಏನೂ ಮಾಡಬ್ಯಾಡ್ರಿ. ಕೂತ ಮಾತಾಡಿದ್ರ ಮುಗೀತದ. ಎಷ್ಟ ವಯಸ್ಸಿನಾಂವ ಅದಾನ?"

ನಾನು ಬಾಗಿ ಅವನ ಕಿವಿಯಲ್ಲಿ ಹೇಳಿದೆ. "ವಯಸ್ಸ ಗೊತ್ತಿಲ್ಲ. ಉದ್ದ ಒಂದ ಗೇಣ ಅದಾನ. ಬಾಲ ಬಿಟ್ಟು."

೨. ಅಳಿಯನ ಗುಂಡು

ಅಂಗಡಿಯವನು ನಕ್ಕು ಮುಗಿಸಿದ ಮೇಲೆ ಚಪ್ಪಟೆಯ ಡಬ್ಬಿ ಮುಂದೆ ತಳ್ಳಿದ. "ಶೆಡ್ಡಿನೊಳಗ ಇಪ್ಪತ್ತ ಮೂವತ್ತ ಫೂಟು. ಇದ ಸಾಕು. ಬಿದ್ದಲ್ಲೇ ನಿಲ್ತದ, ಆಚೆ ಹಾಯಂಗಿಲ್ಲ. ಚೂಪು ಬ್ಯಾಡ್ರಿ."

ಚಪ್ಪಟೆಯ ಡಬ್ಬಿಯ ಮುಚ್ಚಳದ ಮೇಲೆ ಧೂಳು ಇತ್ತು. ಚೂಪಿನ ಡಬ್ಬಿ ಲಕಲಕ ಹೊಳೆಯುತ್ತಿತ್ತು. ಹೋಗದೆ ಉಳಿದ ಮಾಲು ನನ್ನ ಕೊರಳಿಗೆ ಕಟ್ಟುತ್ತಿದ್ದಾನೆ ಅಂತ ತಿಳಿಯಿತು. ಚೂಪು ತಗೊಂಡು ಬಂದೆ.

ರವಿವಾರ ಅಳಿಯ ಬಂದ. ಅವನು ಎಲ್ಲ ಮೊಬೈಲಿನಲ್ಲಿ ನೋಡಿ ಕಲಿತವನು. ಚೂಪು ತಲೆ ಕಂಡು ಖುಷಿಯಾದ.

"ಹಾಂ, ಇದು ಖರೆ ಗುಂಡು. ಕೊಡ್ರಿ ಮಾವಾರ, ನಾ ತೋರಸ್ತೀನಿ."

ಇಲಿ ಗೋಡೆಯ ಬುಡದಲ್ಲಿ ಓಡಿತು. ಅಳಿಯ ಹೊಡೆದ. ಇಲಿ ಹೋಯಿತು. ಗುಂಡೂ ಹೋಯಿತು. ಗುಂಡು ಎಲ್ಲಿ ಹೋಯಿತು ಅಂತ ಇಬ್ಬರೂ ಹುಡುಕಿದೆವು. ಗೋಡೆಗೆ ಡ್ರಿಪ್ ಪೈಪಿನ ಸುರುಳಿ ನೇತುಹಾಕಿದ್ದೆ. ಹೊಸದು. ಒಂದೂ ತೂತು ಹೊಡೆಯದೆ ಇಟ್ಟದ್ದು. ಚೂಪು ಗುಂಡು ಅದರ ಮೂರು ಸುತ್ತು ಹಾದು ಗೋಡೆಗೆ ಕೂತಿತ್ತು.

ಅಳಿಯನನ್ನು ಬೈಯುವ ಪದ್ಧತಿ ನಮ್ಮಲ್ಲಿಲ್ಲ. ಬೈಯಬೇಕಾದರೆ ಮಗಳನ್ನು ಬೈಯಬೇಕು. ಆಕೆ ಬಂದಿರಲಿಲ್ಲ. ನಾನು ಸುಮ್ಮನೆ ಸುರುಳಿ ಇಳಿಸಿ ಅಂಗಳದಲ್ಲಿ ಬಿಚ್ಚಿ ಹಾಸಿದೆ.

ಅಳಿಯ ಪೈಪಿನ ಗುಂಟ ನಡೆದು ನೋಡಿದ. ಹೊಳ್ಳಿ ನಡೆದು ನೋಡಿದ. ಗೇಣು ಹಾಕಿ ಅಳೆದ.

"ಮಾವಾರ, ಹೆಂಗಿದ್ರೂ ಇದಕ್ಕ ತೂತು ಹೊಡೀಬೇಕಾಗಿತ್ತಲ್ರಿ" ಅಂದ. "ನೋಡ್ರಿ, ಒಂದರಿಂದ ಒಂದಕ್ಕ ಅಂತರ ಬರೋಬ್ಬರಿ ಬಿದ್ದೈತಿ."

೩. ಜಪ

ಮತ್ತೆ ಮಿರಜಕ್ಕೆ ಹೋದೆ. ಅಂಗಡಿಯವನು ಏನೂ ಕೇಳದೆ ಚಪ್ಪಟೆಯ ಡಬ್ಬಿ ಇಟ್ಟ. ಅದೇ ಧೂಳಿನ ಡಬ್ಬಿ. ಏನೂ ಕೇಳದಿರುವುದು ನನಗೆ ಸರಿ ಕಾಣಲಿಲ್ಲ. ಮುಚ್ಚಳ ತೆಗೆಸಿ, ಕನ್ನಡಕ ಹಾಕಿಕೊಂಡು, ಬದನೆಕಾಯಿ ಆರಿಸುವ ಹಾಗೆ ಕೆಲವನ್ನು ಆರಿಸಿ ನೋಡಿದೆ. ಛರ್ರಾದ ಹಿಂದಿನ ಅಂಚು ತೆಳ್ಳಗಿರುತ್ತದೆ. ಅದು ನೆಗ್ಗಿದ್ದರೆ ಗುಂಡು ಸೊಟ್ಟ ಹೋಗುತ್ತದೆ. ಇಷ್ಟು ನಾನೂ ಕಲಿತಿದ್ದೆ. ಒಂದೂ ನೆಗ್ಗಿರಲಿಲ್ಲ. ಅದೂ ಸಂಶಯವೇ.

ಮನೆಗೆ ತಂದು ಎಲ್ಲಿಡಬೇಕು? ಯಾರೂ ಕೈ ಹಾಕದ ಜಾಗ ಬೇಕು. ದೇವರ ಮಾಡದಲ್ಲಿ ವಿಭೂತಿ ಇಡುವ ಮರದ ಪೆಟ್ಟಿಗೆ ಇದೆ. ಛರ್ರಾಗಳನ್ನು ಅರಿವೆಯಲ್ಲಿ ಕಟ್ಟಿ ಅದರೊಳಗೆ ಇಟ್ಟೆ.

ಅಮಾವಾಸ್ಯೆಗೆ ಮನೆಯ ಅಯ್ಯನೋರು ಪೂಜೆಗೆ ಬಂದರು. ಪೂಜೆಗೆ ಕೂತವರಿಗೆ ಮೊದಲು ಬೇಕಾಗುವುದು ವಿಭೂತಿ. ಇದು ನನಗೆ ಹೊಳೆಯಲಿಲ್ಲ. ಅವರು ಪೆಟ್ಟಿಗೆ ತೆಗೆದರು. ಗಂಟು ಬಿಚ್ಚಿದರು. ಕರಿ ಕಾಳು ಅಂಗೈ ತುಂಬ ಹಿಡಿದರು.

"ಇವೇನಪಾ?"

"ಜಪದ ಕಾಳ್ರಿ ಅಜ್ಜಾರ" ಅಂದೆ. ಬಾಯಿಗೆ ಬಂದದ್ದು ಅದು. "ಎಣಿಸಾಕ."

ಅಯ್ಯನೋರ ಕಣ್ಣಲ್ಲಿ ನೀರು ಬಂತು. "ಆಕಿ ಹೋದ ಮ್ಯಾಲ ನಿನಗ ಇಷ್ಟ ಭಕ್ತಿ ಬಂತಲ್ಲಪಾ. ಕೂಡು. ನನ್ನ ಮುಂದ ಒಂದ ಜಪಾ ಮಾಡು."

"ಆಮ್ಯಾಲ ಮಾಡ್ತೀನ್ರಿ."

"ಈಗ ಮಾಡು. ಎಷ್ಟ ಅದಾವ?"

"ನೂರ್ರಿ. ಡಬ್ಬಿ ಮ್ಯಾಲ ಬರದಾರ."

"ನೂರ ಆದ ಮ್ಯಾಲ ಎಂಟ ಹೊಳ್ಳಿ ಎಣಿಸು."

ಕೂತೆ. ಓಂ ನಮಃ ಶಿವಾಯ ಅಂದು ಒಂದು ಛರ್ರಾ ಈಚೆ ಇಟ್ಟೆ. ಓಂ ನಮಃ ಶಿವಾಯ, ಇನ್ನೊಂದು. ಅರ್ಧ ಆಗುವುದರೊಳಗೆ ಸೀಸ ಹತ್ತಿ ಬೆರಳೆಲ್ಲ ಕರಿ ಆದವು. ಅಯ್ಯನೋರು ಬಾಗಿ ನೋಡಿದರು.

"ನೋಡಪಾ, ಪಾಪ ಹೊರಗ ಬೀಳ್ಲಾಕತ್ತೈತಿ."

ತೊಂಬತ್ತಾರಕ್ಕೆ ಅರಿವೆ ಬರಿದಾಯಿತು. ನಾನು ಕೊಡವಿದೆ. ಕೆಳಗೆ ತಡಕಿದೆ. ಇಲ್ಲ.

"ಯಾಕ ನಿಂತಿ?"

"ನಾಕ ಕಡಿಮಿ ಅದಾವ್ರಿ."

"ಭಕ್ತಿಯೊಳಗ ಹೆಚ್ಚು ಕಡಿಮಿ ಅಂತ ಇಲ್ಲಪಾ."

"ಭಕ್ತಿಯೊಳಗ ಇಲ್ರಿ ಅಜ್ಜಾರ" ಅಂದೆ. "ಅಂಗಡಿಯೊಳಗ ಐತಿ."

೪. ನಾಲ್ಕು

ಮರುದಿನ ಬೆಳಿಗ್ಗೆ ಅಂಗಡಿಯವನು ಕದ ತೆಗೆಯುವ ಮೊದಲೇ ನಾನು ಕಟ್ಟೆಯ ಮೇಲೆ ಕೂತಿದ್ದೆ. ಮನಸ್ಸಿಗೆ ಒಂದು ನಮೂನೆ ಸಮಾಧಾನ ಇತ್ತು. ಮೊದಲ ದಿನವೇ ಈ ಮನುಷ್ಯನ ಮೇಲೆ ಸಂಶಯ ಇತ್ತು. ಈಗ ಅದು ಖರೆ ಆಗಿತ್ತು.

"ನಾಕ ಕಡಿಮಿ ಕೊಟ್ಟೀದಿ" ಅಂದೆ.

"ಕಾಕಾ, ಡಬ್ಬಿ ಫ್ಯಾಕ್ಟರಿಯೊಳಗ ತುಂಬಿ ಬರ್ತದ್ರಿ."

"ತೊಂಬತ್ತಾರ ಅದಾವ. ಅಯ್ಯನೋರ ಮುಂದ ಎಣಿಸೀನಿ. ದೇವರ ಮುಂದ ಎಣಿಸೀನಿ."

"ದೇವರ ಮುಂದ ಛರ್ರಾ ಎಣಿಸೀರಿ?"

ನಾಲ್ಕು ಮಂದಿ ಸೇರಿದರು. ಒಬ್ಬ ಚಹಾದವನು ಕೂಡ ನಿಂತ. ಅಂಗಡಿಯವನು ಸೋತು ಡಬ್ಬಿ ತಿರುಗಿಸಿ ನನ್ನ ಮುಂದೆ ಹಿಡಿದ.

"ಇಲ್ಲಿ ಏನ್ ಬರದಾರ ಅದನ್ನ ನೀವ ಓದ್ರಿ."

ಓದಲು ಕನ್ನಡಕ ಬೇಕು. ಅಂಗಿಯ ಕಿಸೆಯಿಂದ ಕನ್ನಡಕ ಎಳೆದೆ. ಅದರ ಜೊತೆಗೆ ಟಣ್ ಟಣ್ ಅಂತ ಏನೋ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಬಿದ್ದವು. ಚಪ್ಪಟೆ ತಲೆಯವು. ಅವತ್ತು ಆರಿಸಿ ನೋಡಿದವನ್ನು ಕನ್ನಡಕದ ಜೊತೆಗೇ ಕಿಸೆಗೆ ಹಾಕಿದ್ದೆ. ನಮ್ಮಾಕಿ ಇದ್ದಿದ್ದರೆ ಒಗೆಯುವ ಮೊದಲು ಕಿಸೆ ನೋಡುತ್ತಿದ್ದಳು. ಆ ಅಂಗಿ ನಾನು ಒಗೆದೇ ಇರಲಿಲ್ಲ.

ಅಂಗಡಿಯವನು ಒಂದೊಂದಾಗಿ ಹೆಕ್ಕಿ ನನ್ನ ಅಂಗೈಯಲ್ಲಿ ಇಟ್ಟ. ಒಂದು, ಎರಡು, ಮೂರು, ನಾಲ್ಕು.

ನಾನು ಮತ್ತೊಮ್ಮೆ ಎಣಿಸಿದೆ.

೫. ಇಬ್ಬರು ಯಜಮಾನರು

ಚಪ್ಪಟೆ ಛರ್ರಾ ಒಳ್ಳೆಯದೇ. ಸುಳ್ಳು ಹೇಳಬಾರದು. ಮಣ್ಣು ತುಂಬಿದ ಚೀಲದ ಮುಂದೆ ರಟ್ಟು ನಿಲ್ಲಿಸಿ ಹೊಡೆದೆ. ಒತ್ತಿ ತೆಗೆದ ಹಾಗೆ ದುಂಡಗೆ ತೂತು. ಗುಂಡು ಚೀಲದಲ್ಲೇ ನಿಂತಿತು. ಮೂರು ಸಂಜೆ ಹೊಡೆದು ಕೈ ಕುದುರಿಸಿಕೊಂಡೆ.

ನಾಲ್ಕನೆಯ ಸಂಜೆ ಶೆಡ್ಡಿನಲ್ಲಿ ನಮ್ಮಾಕಿಯ ಮಣೆಯ ಮೇಲೆ ಕೂತೆ. ಮಣ್ಣಿನ ಚೀಲ ಸರಿಸಿ ತೊಲೆಯ ಹಿಂದೆ ಹೇರಿಟ್ಟಿದ್ದೆ. ದೀಪ ಹಚ್ಚುವ ಹೊತ್ತಿಗೆ ಇಲಿ ಬಂತು. ತೊಲೆಯ ಮೇಲೆ ಸಾವಕಾಶ ನಡೆದು ಸೌತೆಯ ಗಂಟಿನ ಹತ್ತಿರ ನಿಂತಿತು. ಗುರಿ ಸರಿ ಇತ್ತು. ಉಸಿರು ಹಿಡಿದೆ.

ಇಲಿ ತಿರುಗಿತು. ಬಾಲ ಕೆಳಗೆ ಬಿತ್ತು. ಬಾಲದ ಮೇಲೆ ಮಾಸಿದ ನೀಲಿ.

ದವಾಖಾನೆಗೆ ಹೋಗುವ ಮೊದಲು ಆಕೆ ಹಚ್ಚಿದ್ದು. ಆಕೆಯ ಕೈಯ ಕೆಲಸ ಈ ಮನೆಯಲ್ಲಿ ಇನ್ನೇನು ಉಳಿದಿತ್ತು? ನಾಲ್ಕು ಗಂಟು, ಮತ್ತೆ ಈ ಬಾಲ. ಒಂದನ್ನು ಇನ್ನೊಂದು ತಿನ್ನುತ್ತಿತ್ತು.

ಬಂದೂಕು ಕೆಳಗಿಟ್ಟೆ.

ಇಲಿಗೆ ಅದು ತಿಳಿಯಿತು. ನನ್ನ ಕಣ್ಣೆದುರೇ ಗಂಟು ಕಡಿದು, ಕಚ್ಚಿಕೊಂಡು, ಗೋಡೆಯ ಸಂದಿಗೆ ಹೋಯಿತು. ಬೆಳಿಗ್ಗೆ ನೋಡಿದರೆ ಸೀರೆಯ ತುಂಡು, ಬೂದಿ, ಸೌತೆ ಬೀಜದ ಸಿಪ್ಪೆ. ಒಂದು ಬೀಜವೂ ಉಳಿದಿರಲಿಲ್ಲ. ಅವತ್ತು ನಾನು ಅಡುಗೆ ಮಾಡಲಿಲ್ಲ.

ಸಂಜೆಗೆ ಆಕೆಯ ಬೋನು ಹುಡುಕಿ ತೆಗೆದು ಭಜಿ ಸಿಗಿಸಿ ಇಟ್ಟೆ. ನಸುಕಿನಲ್ಲಿ ಸಿಕ್ಕಿತ್ತು. ಬೆಳಕಿಗೆ ಒಯ್ದು ನೋಡಿದೆ. ಹೌದು, ನೀಲಿ. ಆದರೆ ನೀಲಿಯ ಮೇಲೆ ಇನ್ನೊಂದು ಉಂಗುರ ಇತ್ತು. ಕೆಂಪು. ಮಾಸಿರಲಿಲ್ಲ, ಹೊಸದು. ದೀಪದ ಬೆಳಕಿಗೆ ಅವತ್ತು ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ಕೆಂಪು ಬಣ್ಣ ಯಾವತ್ತೂ ತಂದಿಲ್ಲ.

ಅಳಿಯನ ಮೇಲೆ ಸಂಶಯ ಬಂತು. ಅಯ್ಯನೋರ ಮೇಲೆ ಬಂತು. ಅಂಗಡಿಯವನ ಮೇಲೆ ಬಹಳ ಬಂತು, ಅವನು ಬೋನೂ ಮಾರುತ್ತಾನೆ. ಯಾರನ್ನು ಹಿಡಿದು ನೋಡಿದರೂ ಒಂದೇ ಮಾತು ಸರಿ ಕೂಡುತ್ತಿತ್ತು. ಇಲಿ ಒಂದು, ಯಜಮಾನರು ಇಬ್ಬರು.

೬. ಸೇತುವೆಯ ಮೇಲೆ

ಕಾಲುವೆಗೆ ಒಂದು ಸಣ್ಣ ಸೇತುವೆ ಇದೆ. ಬೋನಿನ ಮೇಲೆ ಟವೆಲ್ ಹೊಚ್ಚಿ ಹೊರಟೆ. ಆಕೆ ಮಾಡಿದ ಹಾಗೆ ಆಚೆ ದಂಡೆಗೆ ಬಿಟ್ಟು ಬರುವುದು ಅಂತ.

ಸೇತುವೆಯ ನಡುವೆ ಆಚೆ ತೋಟದ ಮುದುಕಿ ಎದುರಾದಳು. ಎಪ್ಪತ್ತು ದಾಟಿದ ಜೀವ. ನಮ್ಮಾಕಿಯೂ ಆಕೆಯೂ ಮಿರಜ ಸಂತೆಗೆ ಒಂದೇ ಟಮಟಮ ರಿಕ್ಷಾದಲ್ಲಿ ಹೋಗುತ್ತಿದ್ದರು. ಮುದುಕಿಯ ಒಂದು ಕೈ ಸೆರಗಿನ ಒಳಗಿತ್ತು.

"ಏನ್ ತಮ್ಮಾ, ಇಷ್ಟ ಲಗೂ?"

"ಹಿಂಗ ಹೊಂಟಿದ್ದೆ ಆಯಿ. ನೀವ್ರಿ?"

"ನಾನೂ ಹಿಂಗ."

ನನ್ನ ಟವೆಲಿನೊಳಗೆ ಕಿಚ್ ಅಂದಿತು. ನಾನು ಕೆಮ್ಮಿದೆ.

ಆಕೆಯ ಸೆರಗಿನೊಳಗೆ ಕಿಚ್ ಅಂದಿತು. ಆಕೆಯೂ ಕೆಮ್ಮಿದಳು.

ಇಬ್ಬರೂ ನೀರು ನೋಡಿದೆವು. ಆಮೇಲೆ ಮುದುಕಿ ಸೆರಗು ಸರಿಸಿದಳು. ಬೋನು. ಒಳಗೆ ಇಲಿ. ಬಾಲಕ್ಕೆ ಹಸಿ ಹಸಿ ಕೆಂಪು ಬಣ್ಣ.

"ನೀವ?" ಅಂದೆ.

"ಮತ್ತ್ಯಾರು? ಆರು ವರ್ಷದ ಹಿಂದ ನಮ್ಮ ಜ್ವಾಳದ ಚೀಲದಾಗ ನೀಲಿ ಬಾಲದ್ದು ಸಿಕ್ತು. ಯಾರ ಮನೀದು ಅಂತ ಕೊಂಬಿನ ಬಣ್ಣಾನ ಹೇಳ್ತು. ಮಂದಿ ಮಾಲ ನಮಗ್ಯಾಕ? ಹೊಳ್ಳಿ ಕಳಸ್ದೆ. ಮುಟ್ಟಿದ್ದ ಗೊತ್ತಾಗ್ಲಿ ಅಂತ ಕೆಂಪು ಹಚ್ಚಿದೆ."

"ನಮ್ಮಾಕಿಗೆ ಗೊತ್ತಾತ?"

"ಆಗದ? ಮರುದಿನ ಅದನ್ನೂ ಕಳಸಿದ್ಲು, ಜೋಡಿಗೆ ಇನ್ನೊಂದ ಕಳಸಿದ್ಲು."

"ಟಮಟಮದಾಗ ಇದರ ಬಗ್ಗೆ ಮಾತಾಡ್ತಿದ್ರೇನು?"

"ಒಮ್ಮೇನೂ ಇಲ್ಲ. ಸಂಬಂಧ ಕೆಡಸ್ಕೋಬೇಕೇನು?"

ಮುದುಕಿ ಬೋನು ಕೆಳಗಿಟ್ಟಳು.

"ದೀಪಾವಳಿ ಹೊತ್ತಿಗೆ ಹೊಸಾ ನೀಲಿ ಬಾಲ ಬರೂದು ನಿಂತಿತು. ಆಕಿಗೆ ಆರಾಮ ಇಲ್ಲಂತ ಮಂದಿ ಹೇಳೂಕಿಂತ ಮೊದಲ ನನಗ ತಿಳೀತು."

"ಸೌತಿ ಬೀಜ ಹೋದ್ವು ಆಯಿ" ಅಂದೆ. "ಆಕಿ ಹೇಳಿದ್ದು ಒಂದ ಮಾತು. ಅದೂ ನನ್ನ ಕೈಲೆ ಆಗ್ಲಿಲ್ಲ."

"ಎಲ್ಲಿ ಹೋದ್ವು? ಪ್ರತಿ ವರ್ಷಾ ಅರ್ಧ ಬೀಜ ನನ್ನ ಕಡೆ ಇಡತಿದ್ಲು. ಏಳೂ ನಮೂನಿ ಅದಾವ. ಉಪ್ಪಿನಕಾಯಿ ಬರಣ್ಯಾಗ ಹಾಕೀನಿ. ಬಂದು ಒಯ್ಯಿ."

"ನನಗ್ಯಾಕ ಹೇಳ್ಲಿಲ್ಲ ಆಕಿ?"

"ನಾನೂ ಕೇಳ್ದೆ. ಹೇಳಿದ್ರ ದಿನಾ ಬಂದು ಬೀಜ ಎಣಿಸಿ ಹೋಗ್ತಾರ ಅಂದ್ಲು."

ಖರೆ. ಎಣಿಸುತ್ತಿದ್ದೆ.

"ಬಂದೂಕ ತಂದೀಯಂತಲ್ಲ" ಅಂದಳು ಮುದುಕಿ.

"ನಿಮಗ್ಯಾರ ಹೇಳಿದ್ರು?"

"ಮಠದ ಪಂಚರು, ಹಗ್ಗ ತರಾಕ ಹೋಗಿದ್ದವ್ರು. ಬಂದೂಕ ಏನ್ ಮಾಡ್ತದ ತಮ್ಮಾ? ಮುಚ್ಚಳ ಬೇಕು."

ನಾಲ್ಕು ನಮೂನೆ ಛರ್ರಾ ನೋಡಿದೆ, ಎರಡು ಡಬ್ಬಿ ತಂದೆ, ನೂರೆಂಟು ಜಪಕ್ಕೆ ಕೂತೆ. ಮುಚ್ಚಳ ನನಗೆ ಹೊಳೆದಿರಲಿಲ್ಲ.

ಇನ್ನು ಉಳಿದದ್ದು ಇಲಿಗಳು. ತನ್ನದನ್ನು ನಮ್ಮ ಕಡೆ ಬಿಡಲು ಮುದುಕಿ ಬಂದಿದ್ದಳು. ನಮ್ಮದನ್ನು ಆಕೆಯ ಕಡೆ ಬಿಡಲು ನಾನು ಬಂದಿದ್ದೆ.

"ಮೊದಲ ನೀ ಬಿಡು" ಅಂದಳು.

"ಮೊದಲ ನೀವ ಬಿಡ್ರಿ."

"ನಾ ಬಿಟ್ಟ ಮ್ಯಾಲ ನೀ ಹೊಳ್ಳಿ ಹೊಂಟ್ರ?"

"ನಾ ಬಿಟ್ಟ ಮ್ಯಾಲ ನೀವ ಹೊಳ್ಳಿ ಹೊಂಟ್ರ?"

ಕಡೆಗೆ ಇಬ್ಬರೂ ಬಾಗಿ ಬೋನು ಇಟ್ಟೆವು. ನನ್ನ ಬೋನಿನ ಬಾಯಿ ಆಕೆಯ ತೋಟದ ಕಡೆ. ಆಕೆಯ ಬೋನಿನ ಬಾಯಿ ನಮ್ಮ ಶೆಡ್ಡಿನ ಕಡೆ. ಮೂರು ಎಣಿಸಿ ಒಟ್ಟಿಗೇ ಬಾಗಿಲು ಎತ್ತಿದೆವು.

ಎರಡೂ ಹೊರಬಿದ್ದವು. ಸೇತುವೆಯ ಮೇಲೆ ಒಂದು ಗಳಿಗೆ ಮೂಸಿದವು. ಆಮೇಲೆ ಎರಡೂ ಹೊಳ್ಳಿದವು. ಆಕೆಯದು ಆಕೆಯ ಕಾಲ ಸಂದಿಯಿಂದ ಹಾದು ಜೋಳದ ಚೀಲಗಳ ಕಡೆ ಓಡಿತು. ನಮ್ಮದು ನನ್ನ ಚಪ್ಪಲಿ ಹತ್ತಿ ಇಳಿದು ನಮ್ಮ ದಾರಿ ಹಿಡಿಯಿತು.

ಮುದುಕಿ ಸೇತುವೆಯ ಮೇಲೆ ಕೂತುಬಿಟ್ಟು ನಕ್ಕಳು. ನಾನೂ ನಕ್ಕೆ. ದೀಪಾವಳಿ ಆದ ಮೇಲೆ ಮೊದಲ ಸಲ.

ಖಾಲಿ ಬೋನು ಹಿಡಿದು ಹೊರಟೆ. ಬರಣಿ ಸಂಜೆಗೆ ಒಯ್ಯುತ್ತೇನೆ ಅಂದಿದ್ದೆ. ಮುಂದೆ ಮುಂದೆ ಆ ನೀಲಿ ಬಾಲ ಹೋಗುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಅದು ನಿಂತು, ಹೊಳ್ಳಿ, ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿತು.

ಅದಕ್ಕೂ ಸಂಶಯ. ಇವನು ಈ ಮನೆಯವನು ಹೌದೋ ಅಲ್ಲೋ ಅಂತ.